ಒಪ್ಪಂದದಲ್ಲಿ ಇಲ್ಲದವರ ಮಾವಶಿ

ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂದ ದಿನ ಮೊದಲು ಬಿದ್ದ ಮಾತೇ ‘ಅಯ್ಯೋ ಪಾಪ’. ಅದರ ಬೆನ್ನಿಗೆ ಕೈಮುಗಿದ ಚಿತ್ರಗಳ ಸಾಲು. ‘ಪಾಪ, ಒಬ್ಬರೇ ಇದ್ದರಲ್ಲ’ ಎಂದರು ಆಲ್ಮೆರೆ ಊರಿನವರೊಬ್ಬರು. ‘ಮಕ್ಕಳಿರಲಿಲ್ಲವಂತೆ, ಪಾಪ’ ಎಂದರು ಅವರನ್ನು ಒಂದು ಸಲವೂ ಕಂಡಿರದ ಇನ್ನೊಬ್ಬರು. ಓದುತ್ತ ಹೋದಂತೆ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಬದುಕಿದ್ದಾಗ ಅವರ ಎದುರು ಆ ಪದ ಆಡಿದವರು ಇನ್ನೊಂದು ಸಲ ಆಡುವ ಧೈರ್ಯ ಮಾಡುತ್ತಿರಲಿಲ್ಲ. ಈಗ ತಿರುಗಿ ಬೈಯುವವರು ಇಲ್ಲ ಎಂದು ಎಲ್ಲರೂ ಧಾರಾಳವಾಗಿ ಆಡುತ್ತಿದ್ದರು. ಅದಕ್ಕೇ ಇದನ್ನು ಬರೆಯಲು ಕೂತೆ.

ಹೆಸರು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರು ‘ಮಾವಶಿ’. ಮೊದಲ ಭೇಟಿಯಲ್ಲಿ ನಾನು ಮೈಸೂರಿನ ರೂಢಿಯಂತೆ ‘ಆಂಟಿ’ ಎಂದೆ. “ಆಂಟಿ ಅನಬ್ಯಾಡ ತಮ್ಮಾ. ಆ ಶಬ್ದದಾಗ ಮರ್ಯಾದೀನೂ ಇಲ್ಲ, ಸಲಿಗೀನೂ ಇಲ್ಲ. ಮಾವಶಿ ಅನ್ನು” ಎಂದರು. ಅವರ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ಅವತ್ತಿನಿಂದ ಹಾಗೇ ಆಯಿತು.

ನಾವು ಆಗ ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯಲ್ಲಿದ್ದೆವು. ಉದ್ದನೆಯ ತೆರೆದ ಮೊಗಸಾಲೆಗೆ ಸಾಲಾಗಿ ಬಾಗಿಲುಗಳಿರುವ ಹಳೆಯ ಫ್ಲ್ಯಾಟು. ಕೋವಿಡ್ ಶುರುವಾಗಿ ನನ್ನ ಆಫೀಸು ಮುಚ್ಚಿತು. ನಡೆದರೆ ಕಾಲು ಗಂಟೆಯಲ್ಲಿ ಸಿಗುತ್ತಿದ್ದ ಆಫೀಸಿನ ಕೆಲಸವನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಮಾಡಬೇಕಾಯಿತು. ಮಗಳ ಶಾಲೆ ಒಂದು ಕೋಣೆಯಲ್ಲಿ, ಹೆಂಡತಿಯ ಮೀಟಿಂಗ್ ಇನ್ನೊಂದರಲ್ಲಿ. ಹೀಗಾಗಿ ಫೋನ್ ಬಂದಾಗಲೆಲ್ಲ ನಾನು ಮೊಗಸಾಲೆಗೆ ಓಡುತ್ತಿದ್ದೆ. ಒಂದು ದಿನ ಮ್ಯಾನೇಜರನ ಜೊತೆ ಇಂಗ್ಲಿಷಿನಲ್ಲಿ ನಯವಾಗಿ ಮಾತಾಡಿ ಮುಗಿಸಿ, ಫೋನ್ ಜೇಬಿಗಿಟ್ಟು, “ಥೂ, ಇವನ ಮನೆ ಹಾಳಾಗ!” ಎಂದೆ. ಪಕ್ಕದ ಮನೆಯ ಬಾಗಿಲಿನಿಂದ ದನಿ ಬಂತು.

“ಬೈಗಳಾ ಕೇಳಿ ಭಾಳ ವರ್ಷ ಆಗಿತ್ತು. ಆದರ ಇದು ಭಾಳ ಸಪ್ಪಗದ. ನಿಮ್ಮ ಕಡೆ ಇಷ್ಟಽ ಏನು ಬೈಯೂದು?”

ತಿರುಗಿದೆ. ಕತ್ತರಿಸಿದ ಬಿಳಿ ಕೂದಲು, ದಪ್ಪ ಕನ್ನಡಕ, ಗಂಡಸರ ಸ್ವೆಟರು. ಎಪ್ಪತ್ತು ದಾಟಿದ ಹೆಂಗಸು, ಮುಖಕ್ಕೆ ಮಾಸ್ಕು, ಕೈಯಲ್ಲಿ ಲ್ಯಾಪ್‌ಟಾಪು. ಅದನ್ನು ಸತ್ತ ಇಲಿಯ ಹಾಗೆ ಹಿಡಿದುಕೊಂಡಿದ್ದರು.

“ಕನ್ನಡದವ ಅಂತ ಗೊತ್ತಾತು. ಕಂಪ್ಯೂಟರದವ ಅನ್ನೂದು ಮೊದಲಽ ಗೊತ್ತಿತ್ತು, ಇಲ್ಲೆ ಇರೂ ಇಂಡಿಯಾದ ಹುಡುಗರೆಲ್ಲ ಅದಽ ಅಲ್ಲೇನು. ನನ್ನ ಪ್ರೊಫೆಸರ್ ಇದರಾಗ ಬರ್ತಾನಂತ. ಅವನ್ನ ಕರಸು.”

ಹೀಗೆ ನಾನು ಅವರ ಮನೆಯ ಯಂತ್ರದ ಕಾವಲುಗಾರನಾದೆ.

ಮಾವಶಿ ಧಾರವಾಡದವರು. ಇಪ್ಪತ್ತರ ಹರೆಯದಲ್ಲಿ ಗಂಡನ ಜೊತೆ ಇಲ್ಲಿಗೆ ಬಂದವರು. ಅವರ ಯಜಮಾನರು ಕಾಲುವೆ, ಒಡ್ಡುಗಳ ಎಂಜಿನಿಯರ್ ಆಗಿದ್ದು, ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಾವಶಿ ರಾಟರ್‌ಡ್ಯಾಮ್ ಬಂದರಿನಲ್ಲಿ ಸರಕು ಸಾಗಿಸುವ ಒಂದು ಕಂಪನಿ ಸೇರಿದರು. ದಕ್ಷಿಣ ಅಮೆರಿಕದ ಬಂದರುಗಳ ಜೊತೆ ಪತ್ರ ಬರೆಯಲು ಜನ ಬೇಕಿತ್ತು, ಸ್ಪ್ಯಾನಿಷ್ ಕಲಿತರು. ಮೂವತ್ತು ವರ್ಷ ಆ ಭಾಷೆಯಲ್ಲಿ ಹಡಗಿನವರ ಜೊತೆ ಜಗಳವಾಡಿದರು. ನಿವೃತ್ತಿಯಾದ ಮೇಲೆ ಬಾಲ್ಕನಿಯಲ್ಲಿ ಹೂ ಬೆಳೆಸಿ ಎಂದು ಯಾರೋ ಉಪದೇಶ ಮಾಡಿದರಂತೆ. ಮಾವಶಿ ಹತ್ತಿರದ ಹಳೆಯ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್.ಡಿ.ಗೆ ಹೆಸರು ಹಚ್ಚಿದರು. ವಿಷಯ: ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರ ಮತ್ತು ಸ್ಪೇನಿನವರ ಯುದ್ಧ ಮುಗಿದ ಮೇಲೆ ಮನಿಲಾದ ಆಡಳಿತ ಹೇಗೆ ನಡೆಯಿತು, ಶಾಂತಿ ಅಲ್ಲಿಗೆ ಹೇಗೆ ತಲುಪಿತು.

“ಧಾರವಾಡಕ್ಕೂ ಮನಿಲಾಕ್ಕೂ ಏನು ಸಂಬಂಧ ಮಾವಶಿ?” ಎಂದು ಕೇಳಿದ್ದೆ.

“ಮೈಸೂರಿಗೂ ಬ್ಯಾಂಕಿನ ಸಾಫ್ಟ್‌ವೇರಿಗೂ ಏನು ಸಂಬಂಧ?” ಎಂದರು.

ಆ ಮೊದಲ ಲಾಕ್‌ಡೌನಿನಲ್ಲೇ ಪುರಸಭೆಯಿಂದ ಅವರಿಗೆ ಫೋನ್ ಬಂತು. ನಾನು ಅವರ ಲ್ಯಾಪ್‌ಟಾಪ್ ಸರಿಮಾಡುತ್ತ ಅಲ್ಲೇ ಇದ್ದೆ. ಒಂಟಿಯಾಗಿರುವ ‘ದುರ್ಬಲ ಹಿರಿಯರಿಗೆ’ ದಿನಸಿ ತಂದುಕೊಡುವ ಏರ್ಪಾಡಿನ ಬಗ್ಗೆ ಒಬ್ಬಾಕೆ ಸೌಮ್ಯವಾಗಿ ಹೇಳುತ್ತಿದ್ದಳು. ಮಾವಶಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಡಚ್‌ನಲ್ಲಿ, ಅಷ್ಟೇ ಸೌಮ್ಯವಾಗಿ, “ತರಕಾರಿ ಕಳಿಸಿ, ತಗೊಳ್ತೇನೆ. ಆ ಪದ ವಾಪಸ್ ತಗೊಳ್ಳಿ” ಎಂದರು. ಆಕೆಗೆ ಯಾವ ಪದವೆಂದೇ ತಿಳಿಯಲಿಲ್ಲ. ಫೋನ್ ಇಟ್ಟು ನನ್ನ ಕಡೆ ತಿರುಗಿ, “ರೋಗಕ್ಕ ಹೆದರೂದು ಬ್ಯಾರೆ ತಮ್ಮಾ, ಜನಕ್ಕ ಹೆದರೂದು ಬ್ಯಾರೆ. ನಾ ಮೊದಲನೇದು ಮಾಡ್ತೇನಿ” ಎಂದರು. ನಿಜ. ಮಾಸ್ಕ್ ಅವರ ಮೂಗಿನಿಂದ ಒಂದು ದಿನವೂ ಇಳಿಯಲಿಲ್ಲ. ನಾನು ಅವರ ಮೇಜಿನ ಹತ್ತಿರ ಹೋದರೆ ಅವರು ಕಿಟಕಿಯ ಹತ್ತಿರ ಹೋಗುತ್ತಿದ್ದರು, ಆ ಕಿಟಕಿ ಜನವರಿಯಲ್ಲೂ ತೆರೆದೇ ಇರುತ್ತಿತ್ತು.

ಮನಿಲಾದ ಕಥೆಯನ್ನು ಅವರು ನನಗೆ ಹೇಳಿದ್ದು ಆ ಕಿಟಕಿಯ ಪಕ್ಕದಲ್ಲೇ, ತುಂಡು ತುಂಡಾಗಿ, ಚಹಾ ಕುಡಿಯುವಾಗ. ಇಂಗ್ಲಿಷರು ಮದ್ರಾಸಿನಿಂದ ಹಡಗು ಕಟ್ಟಿಕೊಂಡು ಹೋಗಿ ಸ್ಪೇನಿನವರ ಮನಿಲಾವನ್ನು ಹಿಡಿದರು. ಆಗ ಅಲ್ಲಿ ಗವರ್ನರ್ ಇರಲಿಲ್ಲ. ಆರ್ಚ್‌ಬಿಷಪ್ಪರೇ ಆ ಕುರ್ಚಿಯಲ್ಲಿ ಕೂತಿದ್ದರು. ಪಾದ್ರಿ ಪಾಪಭೀರು, ಊರನ್ನು ಒಪ್ಪಿಸಿ, ಕಡೆಗೆ ದ್ವೀಪಗಳನ್ನೆಲ್ಲ ಬಿಟ್ಟುಕೊಡುವ ಕಾಗದಕ್ಕೂ ಸಹಿ ಹಾಕಿದರು. ಆದರೆ ಊರು ಬೀಳುವ ಮುಂಚೆ ದೊಡ್ಡ ನ್ಯಾಯಾಲಯದ ಒಬ್ಬ ನ್ಯಾಯಾಧೀಶ ದೋಣಿ ಹತ್ತಿ ತಪ್ಪಿಸಿಕೊಂಡಿದ್ದ. ಅವನು ಹಳ್ಳಿಗಾಡಿಗೆ ಹೋಗಿ, ‘ಗವರ್ನರ್ ನಾನೇ, ಸರ್ಕಾರ ಇಲ್ಲೇ’ ಎಂದು ಸಾರಿದ. ಇತ್ತ ಪ್ಯಾರಿಸಿನಲ್ಲಿ ರಾಜರುಗಳ ರಾಯಭಾರಿಗಳು ಕೂತು ಶಾಂತಿ ಒಪ್ಪಂದ ಬರೆದರು. ಮನಿಲಾ ಬಿದ್ದದ್ದೇ ಅವರಿಗೆ ತಿಳಿದಿರಲಿಲ್ಲ. ನಮಗೆ ಗೊತ್ತಿಲ್ಲದೆ ಗೆದ್ದದ್ದೇನಾದರೂ ಇದ್ದರೆ ಅದನ್ನೂ ಹಿಂದಿರುಗಿಸತಕ್ಕದ್ದು ಎಂದು ಸೇರಿಸಿ ಮುಗಿಸಿದರು. ಶಾಂತಿಯ ಸುದ್ದಿ ಕಡಲು ದಾಟಿ ಬಂದಾಗ, ತನ್ನನ್ನು ಗವರ್ನರ್ ಎಂದು ಕರೆಯದ ಪತ್ರವನ್ನು ಆ ನ್ಯಾಯಾಧೀಶ ಒಪ್ಪಲೇ ಇಲ್ಲ.

“ನಿಮ್ಮ ಹೀರೋ ಇವನೇ ತಾನೆ?” ಎಂದೆ.

“ಇವನಽ? ಅಲ್ಲಿದ್ದ ಚೀನೀ ಜನರನ್ನ ಕೊಲ್ಲಿಸಿದವ ಇವ. ಎದುರು ನಿಂತವರೆಲ್ಲಾ ದೊಡ್ಡವರಲ್ಲ ತಮ್ಮಾ. ಅವನ ಹಟಾ ನನಗ ಸೇರ್ತದ, ಅವ ಸೇರೂದಿಲ್ಲ.”

ಅವರ ಮನಸ್ಸಿದ್ದದ್ದು ಬೇರೆಯವರ ಮೇಲೆ. ಮದ್ರಾಸಿನಿಂದ ಇಂಗ್ಲಿಷರು ಕರೆದುಕೊಂಡು ಹೋಗಿದ್ದ ಸಿಪಾಯಿಗಳು, ನಮ್ಮ ಕಡೆಯ ಬಡ ಜನ. ಊರನ್ನು ಹಿಂದಿರುಗಿಸಿ ಹಡಗುಗಳು ಹೊರಟಾಗ ಅವರಲ್ಲಿ ಕೆಲವರು ಹತ್ತಲಿಲ್ಲ. ಮನಿಲಾದ ಆಚೆ, ನದಿಯ ಪಕ್ಕದ ಒಂದು ಹಳ್ಳಿಯಲ್ಲಿ ಉಳಿದು, ಅಲ್ಲಿಯವರನ್ನೇ ಮದುವೆಯಾಗಿ, ಅಲ್ಲಿಯವರೇ ಆದರು. ಪ್ಯಾರಿಸಿನ ಒಪ್ಪಂದದಲ್ಲಿ ಅವರ ಬಗ್ಗೆ ಒಂದು ಸೊಲ್ಲಿಲ್ಲ. ಇಂಗ್ಲಿಷರು ಅವರನ್ನು ‘ಓಡಿಹೋದವರು’ ಎಂದರು. ಮಾವಶಿಯ ಕೊನೆಯ ಅಧ್ಯಾಯ ಇವರ ಬಗ್ಗೆ. ಅದರ ಹೆಸರು ‘ಹಡಗು ಹತ್ತದವರು’.

ಅವರಲ್ಲಿ ಕನ್ನಡದವರು ಇದ್ದರೇ ಎಂದು ನಾನು ಆಸೆಯಿಂದ ಕೇಳಿದೆ. ಮಾವಶಿ ಚಹಾದ ಬಟ್ಟಲು ಕೆಳಗಿಟ್ಟರು.

“ಇದ್ದರ ಏನು, ಇರದಿದ್ದರ ಏನು? ನಿಮ್ಮವರಿದ್ದರಷ್ಟಽ ನಿನಗ ಮರುಕ ಬರ್ತದೇನು?”

ಆ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ.

ಪ್ರೊಫೆಸರ್ ಒಳ್ಳೆಯ ಮನುಷ್ಯ. ಉದ್ದನೆಯ, ಬಾಗಿದ, ನಾಚಿಕೆ ಸ್ವಭಾವದ ಡಚ್ಚರು. ಪರದೆಯಲ್ಲಿ ಅವರ ಹಿಂದೆ ಪುಸ್ತಕದ ಗೋಡೆ, ಮುಂದೆ ಆಗಾಗ ಹಾದುಹೋಗುವ ಬೆಕ್ಕು. ಕ್ಯಾಮೆರಾಗೆ ಕಾಣದಂತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾವಶಿ ಮಾತಾಡುತ್ತಿದ್ದರು, ಯಂತ್ರದ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಇಬ್ಬರದೂ ಡಚ್. ಆ ಹೊತ್ತಿಗೆ ನನಗೆ ಅರ್ಥವಾಗುವಷ್ಟು ಬರುತ್ತಿತ್ತು.

ಆ ಶರತ್ಕಾಲದಲ್ಲಿ ಒಂದು ದಿನ ಪ್ರೊಫೆಸರ್ ಬಹಳ ಸುತ್ತಿ ಬಳಸಿ ವಿಷಯಕ್ಕೆ ಬಂದರು. ಆಡಳಿತದ ಅಧ್ಯಾಯಗಳು ಗಟ್ಟಿಯಾಗಿವೆ, ಒಪ್ಪಂದದ ಅಧ್ಯಾಯ ತುಂಬ ಚೆನ್ನಾಗಿದೆ. ಆದರೆ ಕೊನೆಯದಕ್ಕೆ ಆಧಾರ ಸಾಲದು. ಸ್ಪೇನಿನ ದಫ್ತರಖಾನೆ ಮುಚ್ಚಿದೆ, ಯಾವಾಗ ತೆರೆಯುತ್ತದೋ ತಿಳಿಯದು. ಅದೊಂದನ್ನು ಬಿಟ್ಟು ಉಳಿದದ್ದನ್ನು ಸಲ್ಲಿಸಿಬಿಡೋಣ. ಆಮೇಲೆ ಒಂದು ಕ್ಷಣ ಬೆಕ್ಕನ್ನು ಸವರಿ, “ನಿಮ್ಮ ವಯಸ್ಸನ್ನೂ ನೋಡಬೇಕಲ್ಲ” ಎಂದರು.

ಮಾವಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಗ ಹೇಳಿದರು: “ಪ್ಯಾರಿಸಿನಲ್ಲೂ ಇದನ್ನೇ ಮಾಡಿದರು ಪ್ರೊಫೆಸರ್. ಗೊತ್ತಿಲ್ಲದವರನ್ನು ಬಿಟ್ಟು, ಗೊತ್ತಿರುವುದಕ್ಕೆ ಸಹಿ ಹಾಕಿ ಮುಗಿಸಿದರು. ಅವರಿಗೂ ಅವಸರವಿತ್ತು.”

ಪ್ರೊಫೆಸರ್ ಬೆಕ್ಕನ್ನು ಕೆಳಗೆ ಬಿಟ್ಟರು.

“ಹಾಗಾದರೆ ಏನು ಮಾಡುತ್ತೀರಿ?”

“ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲ ಎಂದು ಬರೆಯುತ್ತೇನೆ. ಯಾಕೆ ಗೊತ್ತಿಲ್ಲ ಎಂದೂ ಬರೆಯುತ್ತೇನೆ. ನೀವು ಮುಂದೆ ಕಳಿಸದಿದ್ದರೆ ಬೇರೆ ಪ್ರೊಫೆಸರನ್ನು ಹುಡುಕುತ್ತೇನೆ. ನಿಮಗಿಂತ ಒಳ್ಳೆಯವರು ಸಿಗುವುದಿಲ್ಲ, ಅದು ನನಗೆ ಗೊತ್ತು.”

ಆ ಚಳಿಗಾಲವೆಲ್ಲ ಅವರ ಮನೆಯಲ್ಲಿ ಟೈಪ್ ಮಾಡುವ ಸದ್ದು. ಎರಡು ಬೆರಳಲ್ಲಿ ಬಡಿಯುತ್ತಿದ್ದರು, ಬಂದರಿನ ಹಳೆಯ ಟೈಪ್‌ರೈಟರಿನ ಗತ್ತಿನಲ್ಲಿ. ಮಗಳು ಗೋಡೆಗೆ ಕಿವಿಯಿಟ್ಟು, “ಪಪ್ಪಾ, ಓಮಾ ಈಸ್ ಆ್ಯಂಗ್ರಿ ಅಗೇನ್” ಎನ್ನುತ್ತಿದ್ದಳು. ಡಚ್‌ನಲ್ಲಿ ಓಮಾ ಎಂದರೆ ಅಜ್ಜಿ. ಮಾವಶಿಯನ್ನು ಹಾಗೆ ಕರೆಯುವ ಅಪ್ಪಣೆ ಅವಳೊಬ್ಬಳಿಗೇ ಇತ್ತು.

ಅದೇ ಚಳಿಗಾಲದಲ್ಲಿ ನನಗೂ ಒಂದು ಒಪ್ಪಂದ ಬಂತು. ಮ್ಯಾನೇಜರು ಮತ್ತು ಎಚ್.ಆರ್.ನ ಹೆಂಗಸು ಇಬ್ಬರೂ ಪರದೆಯ ಮೇಲೆ ಬಂದು, ಯೋಜನೆ ನಿಲ್ಲುತ್ತಿದೆ, ‘ಪರಸ್ಪರ ಒಪ್ಪಿಗೆಯಿಂದ’ ಬೇರೆಯಾಗೋಣ ಎಂದರು. ನಗುತ್ತಲೇ ಹೇಳಿದರು. ನಾನು ಪರ್ಮಿಟ್ ಮೇಲೆ ಇದ್ದವನು, ಕೆಲಸ ಹೋದರೆ ಮೂರು ತಿಂಗಳಲ್ಲಿ ಇನ್ನೊಂದು ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು. ವಿಮಾನಗಳೇ ಸರಿಯಾಗಿ ಹಾರದ ಕಾಲ. ಹೆಂಡತಿ, “ಸೈನ್ ಮಾಡ್ಬಿಡಿ. ಜಗಳ ಮಾಡಿದ್ರೆ ರೆಫರೆನ್ಸ್ ಕೂಡ ಕೊಡಲ್ಲ ಇವ್ರು” ಎಂದಳು. ಅವಳ ಭಯ ನನ್ನ ಭಯವೇ. ಪೆನ್ನು ಕೈಗೆ ತಗೊಂಡಿದ್ದೆ. ಯಾಕೋ ಎದ್ದು ಆ ಹಾಳೆಗಳನ್ನು ಮಾವಶಿಗೆ ತೋರಿಸಲು ಹೋದೆ.

ಕಿಟಕಿಯ ಬಳಿ ನಿಂತು ಓದಿದರು. ಡಚ್ ಕಾನೂನಿನ ಭಾಷೆ ಅವರಿಗೆ ನೀರು ಕುಡಿದ ಹಾಗೆ.

“‘ಇಬ್ಬರೂ ಒಪ್ಪಿದ್ದಾರ’ ಅಂತ ಅದ ಇಲ್ಲೆ. ನೀ ಒಪ್ಪೀಯೇನು?”

“ಒಪ್ಪಿಲ್ಲ ಮಾವಶಿ. ಆದ್ರೆ ಏನ್ಮಾಡೋದು...”

“ಅಂದ್ರ ಸುಳ್ಳಿಗೆ ಸಹಿ ಹಾಕ್ಲಿಕ್ಕೆ ಹೊಂಟೀ.” ಹಾಳೆಗಳನ್ನು ಮೇಜಿನ ನಡುವೆ ಇಟ್ಟು ಹಿಂದೆ ಸರಿದರು. “ಶಾಂತಿ ಅಂತ ಯಾರರೆ ಕಾಗದಾ ತಂದ್ರ, ಅದರಾಗ ಏನು ಬರದಾರ ಅಂತ ಮೊದಲ ನೋಡಬ್ಯಾಡ. ಯಾರನ್ನ ಬಿಟ್ಟಾರ ಅಂತ ನೋಡು. ನಿನ್ನ ಪರ್ಮಿಟ್ ಎಲ್ಲದ ಇದರಾಗ? ನಿನ್ನ ಮಗಳ ಶಾಲಿ ಎಲ್ಲದ? ನಿನ್ನ ಹೆಂಡತಿ?”

ಎಲ್ಲೂ ಇರಲಿಲ್ಲ.

“ಸಿಟ್ಟು ಮಾಡಬ್ಯಾಡ, ಕೂಗಬ್ಯಾಡ. ‘ನಾನು ಒಪ್ಪಿಲ್ಲ’ ಅಂತ ಒಂದು ಸಾಲು ಬರದು ಕಳಸು. ಮುಂದಿಂದು ಅವರ ಕೆಲಸ.”

ನಾನು ಒಂದೇ ಸಾಲು ಬರೆದೆ. ಅವತ್ತೇ ಕಳಿಸಿದೆ. ಕಾನೂನು ಸಲಹೆ ಕೊಡುವವರನ್ನು ಕಂಡೆ, ಮೇಲ್‌ಗಳು ಹೋದವು, ಬಂದವು. ಒಪ್ಪಿಗೆಯಿಲ್ಲದೆ ತೆಗೆಯುವುದು ಇಲ್ಲಿ ಅಷ್ಟು ಸುಲಭವಲ್ಲ ಎಂಬುದು ಕಂಪನಿಯವರಿಗೆ ಮೊದಲೇ ಗೊತ್ತಿತ್ತು, ನನಗಷ್ಟೇ ಗೊತ್ತಿರಲಿಲ್ಲ. ಕೊನೆಗೆ ಇನ್ನೊಂದು ತಂಡಕ್ಕೆ ಹಾಕಿದರು. ಮೀಟಿಂಗುಗಳಲ್ಲಿ ಬಹಳ ದಿನ ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಗೆದ್ದೆ ಎಂದು ಹೇಳಲಾರೆ. ಮಗಳು ಮಾತ್ರ ಅದೇ ಶಾಲೆಗೆ ಹೋದಳು.

ಆ ವಸಂತದಲ್ಲಿ, ಲಸಿಕೆಯ ಸರದಿ ಬರುವ ಮೊದಲು, ಮಾವಶಿಗೆ ಕೋವಿಡ್ ಬಂತು. ಎಲ್ಲಿಂದ ಬಂತೋ ಗೊತ್ತಾಗಲಿಲ್ಲ. ಸ್ಟ್ರೆಚರಿನಲ್ಲಿ ಮೊಗಸಾಲೆ ದಾಟುವಾಗ ನಮ್ಮ ಬಾಗಿಲಿಗೆ ತಿರುಗಿ, ಉಸಿರಿನ ನಡುವೆ, “ತಮ್ಮಾ, ಯಂತ್ರಾ ಬಂದ್ ಮಾಡಬ್ಯಾಡ. ಫೈಲ್ ತಗದಽ ಅದ” ಎಂದರು. ನಾನು ಹೋಗಿ ಉಳಿಸಿ ಬಂದೆ. ಆಸ್ಪತ್ರೆಯಲ್ಲಿ ಬಹಳ ದಿನ ಆಮ್ಲಜನಕದ ಮೇಲಿದ್ದರು, ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಹಿಂದಿರುಗಿ ಬಂದಾಗ ಅರ್ಧ ಆಗಿದ್ದರು, ದನಿಯೂ ಅರ್ಧ ಆಗಿತ್ತು. ಎರಡು ವಾಕ್ಯಕ್ಕೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಅವರು ಮಾಡಿದ ಮೊದಲ ಕೆಲಸ ವಾಕ್ಯಗಳನ್ನು ಚಿಕ್ಕದು ಮಾಡಿದ್ದು.

ಬೇಸಿಗೆಯಲ್ಲಿ ಪ್ರಬಂಧ ಪರಿಶೀಲನೆಗೆ ಹೋಯಿತು, ಕೊನೆಯ ಅಧ್ಯಾಯದ ಸಮೇತ. ಪ್ರೊಫೆಸರರೇ ಕಳಿಸಿದರು. ಓದಿದವರಲ್ಲಿ ಹೊರದೇಶದ ಒಬ್ಬ ವಿದ್ವಾಂಸರು ಮಾತ್ರ ಆ ಅಧ್ಯಾಯಕ್ಕಾಗಿಯೇ ಬೇಡವೆಂದರು. ಉಳಿದವರು ಆಗಲಿ ಎಂದರು. ಬಹುಮತ ಬಂತು. ಇನ್ನು ಎಲ್ಲರೆದುರು ನಿಂತು ಅದನ್ನು ಸಮರ್ಥಿಸಿಕೊಳ್ಳುವುದೊಂದು ಬಾಕಿ.

ಇಲ್ಲಿ ಅದೊಂದು ದೊಡ್ಡ ವಿಧಿ. ಕಪ್ಪು ನಿಲುವಂಗಿಯ ಪ್ರಾಧ್ಯಾಪಕರು ಸಾಲಾಗಿ ಬರುತ್ತಾರೆ. ಅಭ್ಯರ್ಥಿ ಮುಕ್ಕಾಲು ಗಂಟೆ ಎಲ್ಲರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅವರ ಎಡಬಲಕ್ಕೆ ಇಬ್ಬರು ಸಂಗಡಿಗರು ನಿಲ್ಲಬೇಕು; ಹಿಂದಿನ ಕಾಲದಲ್ಲಿ ವಾದ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋದರೆ ಕಾಯಲು ಅಂತೆ. ಒಬ್ಬ ಸಂಗಡಿಗ ಬಂದರಿನ ಅವರ ಹಳೆಯ ಸಹೋದ್ಯೋಗಿ, ಬಾಗಿಲ ಚೌಕಟ್ಟಿನಷ್ಟು ಎತ್ತರದ ರಾಟರ್‌ಡ್ಯಾಮಿನ ಮುದುಕ. ಇನ್ನೊಬ್ಬ ನಾನು.

“ನನಗೆ ಹಿಸ್ಟರಿ ಏನೂ ಗೊತ್ತಿಲ್ಲ ಮಾವಶಿ.”

“ನಿನಗ ಏನು ಗೊತ್ತದ ಅಂತ ಅಲ್ಲ. ನೀ ಒಂದು ಸಲ ಸಹಿ ಹಾಕಲಾರದಽ ಬಂದವ. ಅಷ್ಟು ಸಾಕು.”

ಆ ಹೊತ್ತಿಗೆ ಮತ್ತೆ ಚಳಿಗಾಲ, ಮತ್ತೆ ನಿರ್ಬಂಧ. ಸಭಾಂಗಣಕ್ಕೆ ಬೆರಳೆಣಿಕೆಯ ಜನ, ಉಳಿದವರು ಪರದೆಯ ಮೇಲೆ. ಮುಂದೂಡೋಣ, ಅಥವಾ ಮನೆಯಿಂದಲೇ ಮಾಡಿ ಎಂದು ಪ್ರೊಫೆಸರ್ ಬೇಡಿಕೊಂಡರು. ಮಾವಶಿ ಒಪ್ಪಲಿಲ್ಲ. ಹಿಂದಿನ ದಿನ ನನ್ನ ಹೆಂಡತಿ, “ಮಾವಶಿ, ರೇಷ್ಮೆ ಸೀರೆ ಉಡಿ, ಎಲ್ರೂ ನೋಡ್ಬೇಕು” ಎಂದಳು. “ನೋಡ್ಲಿಕ್ಕೆ ಬರೂದಿಲ್ಲ ಅವರು, ಕೇಳ್ಲಿಕ್ಕೆ ಬರ್ತಾರ” ಎಂದು, ಬಂದರಿನ ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಬೂದು ಬಣ್ಣದ ಕೋಟನ್ನೇ ತೊಟ್ಟರು. ಈಗ ಅದು ಅವರಿಗೆ ದೊಡ್ಡದಾಗಿತ್ತು. ಬಾಡಿಗೆಯ ಕರಿ ಕೋಟಿನಲ್ಲಿ ನಾನು ಮದುವೆ ಬ್ಯಾಂಡಿನವನ ಹಾಗೆ ಕಾಣುತ್ತಿದ್ದೆ.

ಇಲ್ಲಿ ಪ್ರಬಂಧದ ಜೊತೆಗೆ ಅಭ್ಯರ್ಥಿ ಕೆಲವು ಪ್ರತಿಪಾದನೆಗಳ ಚೀಟಿಯನ್ನೂ ಕೊಡಬೇಕು, ಕೊನೆಯದು ಯಾವ ವಿಷಯದ ಮೇಲಾದರೂ ಇರಬಹುದು. ಮಾವಶಿಯ ಕೊನೆಯ ಪ್ರತಿಪಾದನೆ: ‘ಹಿರಿಯರನ್ನು ದುರ್ಬಲರು ಎನ್ನುವವರು ಅವರೊಂದಿಗೆ ಜಗಳವಾಡಿ ನೋಡಿಲ್ಲ.’ ಅಧ್ಯಕ್ಷರು ಅದನ್ನು ಓದಿ ಮಾಸ್ಕಿನೊಳಗೆ ನಕ್ಕದ್ದು ಅವರ ಕಣ್ಣಿನಲ್ಲಿ ಕಂಡಿತು.

ಮೊದಲ ಪ್ರಶ್ನೆಗಳು ಸುಲಭವಾಗಿದ್ದವು. ಸ್ಪೇನಿನ ಆಡಳಿತ, ಎರಡು ಸರ್ಕಾರಗಳ ನಡುವೆ ಸಿಕ್ಕಿದ ಗುಮಾಸ್ತರು, ಪತ್ರಗಳು ತಲುಪಿದ ಬಗೆ. ಮಾವಶಿ ಚಿಕ್ಕ ವಾಕ್ಯಗಳಲ್ಲಿ, ಮಧ್ಯೆ ಮಧ್ಯೆ ಉಸಿರು ಎಳೆದುಕೊಂಡು ಉತ್ತರಿಸಿದರು. ಆಮೇಲೆ ಗೋಡೆಯ ದೊಡ್ಡ ಪರದೆಯಲ್ಲಿ ಆ ಹೊರದೇಶದ ವಿದ್ವಾಂಸರು ಕಾಣಿಸಿಕೊಂಡರು. ಮಾತು ಬಹಳ ಸಭ್ಯ.

“ಈ ಸಿಪಾಯಿಗಳ ಕೈಬರಹದ ಒಂದು ಚೂರು ಕಾಗದವೂ ನಿಮ್ಮ ಬಳಿ ಇಲ್ಲ. ಅವರು ಓಡಿಹೋದವರಲ್ಲ ಎಂದು ಯಾವ ಹಕ್ಕಿನಿಂದ ಹೇಳುತ್ತೀರಿ?”

ಮಾವಶಿಯ ಕೈ ಎದುರಿನ ಮರದ ಪೀಠವನ್ನು ಹಿಡಿದಿತ್ತು. ಬೆರಳ ಗಂಟುಗಳು ಬಿಳಿಚಿದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಅಧ್ಯಕ್ಷರಿಗೂ ಕಂಡಿರಬೇಕು, ಕುರ್ಚಿ ತರಲು ಸನ್ನೆ ಮಾಡಿದರು. ಇವರು ಬೇಡವೆನ್ನುತ್ತಾರೆ ಎಂದುಕೊಂಡೆ. ಮಾವಶಿ ಆರಾಮಾಗಿ ಕೂತರು, ಕೋಟು ಸರಿಮಾಡಿಕೊಂಡರು.

“ಧನ್ಯವಾದ. ನಾನು ಕೂತಿದ್ದೇನೆ, ನನ್ನ ಅಧ್ಯಾಯ ನಿಂತೇ ಇದೆ” ಎಂದರು. ಬಂದರಿನ ಮುದುಕ ಗಂಟಲು ಕೆರೆದು ನಗೆ ನುಂಗಿದ.

“ಓಡಿಹೋದವರು ಎಂದು ಬರೆದದ್ದು ಅವರನ್ನು ಕಳೆದುಕೊಂಡ ಸೈನ್ಯ. ಉಳಿದುಕೊಂಡವರು ಎಂದದ್ದು ಅವರು ಸೇರಿದ ಊರು. ಎರಡೂ ಮಾತುಗಳು ಇವೆ. ನೀವು ಸೈನ್ಯದ ಮಾತನ್ನು ಆಧಾರ ಎನ್ನುತ್ತೀರಿ. ಊರಿನ ಮಾತನ್ನು ಕಥೆ ಎನ್ನುತ್ತೀರಿ. ಆ ಹಕ್ಕು ನಿಮಗೆ ಎಲ್ಲಿಂದ ಬಂತು, ಅದನ್ನು ಮೊದಲು ಹೇಳಿ.”

ಆತ ಮತ್ತೆ ಒತ್ತಿದರು. ಸೈನ್ಯಕ್ಕೆ ಮಾತು ಕೊಟ್ಟವರು, ಯುದ್ಧ ಮುಗಿದ ಮೇಲೆ ಹಿಂದಿರುಗಬೇಕಾದವರು, ಹಿಂದಿರುಗಲಿಲ್ಲ, ಅದಕ್ಕೆ ಇನ್ನೇನು ಹೆಸರು? ಮಾವಶಿ ಉಸಿರು ಎಳೆದುಕೊಂಡರು. “ಯುದ್ಧ ಮುಗಿದ ಮೇಲೆ ಮನೆಗೆ ಹೋಗದವನನ್ನು ಓಡಿಹೋದವನು ಎನ್ನುವುದಾದರೆ...”

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ವಿಧಿಯ ಮೇಲ್ವಿಚಾರಕಿ ಬೆಳ್ಳಿಯ ಕೋಲು ಹಿಡಿದು ಬಂದು, ಅದನ್ನು ನೆಲಕ್ಕೆ ಕುಟ್ಟಿ “ಹೋರಾ ಎಸ್ಟ್” ಎಂದಳು. ಹೊತ್ತಾಯಿತು ಎಂದು ಅರ್ಥ. ಆ ಮಾತು ಬಿದ್ದ ಮೇಲೆ ಅಭ್ಯರ್ಥಿ ಅರ್ಧ ವಾಕ್ಯದಲ್ಲಿದ್ದರೂ ನಿಲ್ಲಿಸಬೇಕು. ಎಲ್ಲರೂ ನಿಲ್ಲಿಸುತ್ತಾರೆ, ಹೆಚ್ಚಿನವರು ಬದುಕಿದೆ ಎಂದು ನಿಟ್ಟುಸಿರು ಬಿಡುತ್ತಾರಂತೆ. ಅಧ್ಯಕ್ಷರು ಎದ್ದೇಬಿಟ್ಟಿದ್ದರು.

ಮಾವಶಿ ಕೋಲು ಹಿಡಿದವಳ ಕಡೆ ಒಂದು ಬೆರಳು ಎತ್ತಿದರು. ಶಾಲೆಯಲ್ಲಿ ಅಕ್ಕೋರು ‘ತಡಿ’ ಎನ್ನುವಾಗ ಎತ್ತುವ ಹಾಗೆ. ಸಭಾಂಗಣಕ್ಕೆಲ್ಲ ಅವರ ಉಸಿರಿನ ಸದ್ದು ಕೇಳಿತು. ಒಮ್ಮೆ ಎಳೆದುಕೊಂಡರು, ಸಾಲಲಿಲ್ಲ, ಇನ್ನೊಮ್ಮೆ ಎಳೆದುಕೊಂಡರು. ಕೋಲಿನವಳು ಹಾಗೇ ನಿಂತಳು.

“...ಅವನ ಮನೆ ಯಾವುದು ಎಂದು ತೀರ್ಮಾನಿಸಿದವರು ಯಾರು?”

ಆಮೇಲೆ ಬೆರಳು ಇಳಿಸಿ, “ಈಗ ಹೊತ್ತಾಯಿತು” ಎಂದರು.

ಪ್ರಾಧ್ಯಾಪಕರು ಒಳಗೆ ಹೋಗಿ ಚರ್ಚಿಸಿ ಬಂದರು, ಪದವಿ ಕೊಟ್ಟರು. ಪ್ರೊಫೆಸರ್ ಅಭಿನಂದನೆಯ ಮಾತಿನಲ್ಲಿ, ಈ ವಿದ್ಯಾರ್ಥಿನಿಗೆ ತಾನು ಕೊಟ್ಟ ಸಲಹೆಗಳಲ್ಲಿ ಅತಿ ಮುಖ್ಯವಾದದ್ದನ್ನು ಆಕೆ ಕೇಳಲಿಲ್ಲ, ಅದಕ್ಕೆ ತಾನು ಕೃತಜ್ಞ ಎಂದರು. ಕೈಕುಲುಕುವಂತಿರಲಿಲ್ಲ, ಔತಣವೂ ಇಲ್ಲ. ಕಾಲುವೆಯ ಪಕ್ಕದ ಕಲ್ಲುಕಟ್ಟೆಯ ಮೇಲೆ, ಗಾಳಿಯಲ್ಲಿ, ದೂರ ದೂರ ನಿಂತು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ಪಲ್ಯ ತಿಂದೆವು. ಬಂದರಿನ ಮುದುಕ ನಾಲ್ಕು ಚಪಾತಿ ತಿಂದು, ಇದೇ ಪರೀಕ್ಷೆಯ ಒಳ್ಳೆಯ ಭಾಗ ಎಂದ. ನನ್ನ ಕಣ್ಣು ತುಂಬಿದ್ದು ನೋಡಿ ಮಾವಶಿ, “ಗಾಳಿ ಭಾಳ ಅದ ಇಲ್ಲೆ” ಎಂದು ಮುಖ ಆಚೆ ತಿರುಗಿಸಿದರು.

ಮನಿಲಾದ ದಾರಿ ತೆರೆದಾಗ ಅವರ ಶ್ವಾಸಕೋಶ ಅಷ್ಟು ದೂರ ಹೋಗುವಂತಿರಲಿಲ್ಲ. ಆ ಹಳ್ಳಿಯನ್ನು ಅವರು ನೋಡಲೇ ಇಲ್ಲ. ಅದಕ್ಕೆ ನಾನು ಬೇಜಾರು ಮಾಡಿಕೊಂಡಾಗ, “ಅವರೇನು ನನ್ನ ಕರದಾರೇನು? ಹೋಗಿ ಫೋಟೋ ಹೊಡಕೊಂಡು ಬರ್ಲೇನು?” ಎಂದು ನನ್ನನ್ನೇ ಗದರಿದರು.

ಕಳೆದ ಚಳಿಗಾಲದಲ್ಲಿ ಅವರು ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಿದ್ದರು, ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು. ಒಂದು ಮಧ್ಯಾಹ್ನ ಆ ಹೊರದೇಶದ ವಿದ್ವಾಂಸರಿಂದ ಮೇಲ್ ಬಂತು. ಅವರು ಒಂದು ದೊಡ್ಡ ಸಂಪುಟ ತರುತ್ತಿದ್ದಾರೆ, ಅದರಲ್ಲಿ ಮಾವಶಿಯ ಕೊನೆಯ ಅಧ್ಯಾಯ ಇರಬೇಕೆಂದು ಅವರ ಆಸೆ. ವಾದವನ್ನು ತಾನು ಈಗಲೂ ಪೂರ್ತಿ ಒಪ್ಪುವುದಿಲ್ಲ, ಆದರೆ ಮರೆಯಲೂ ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಒಂದೇ ಕೋರಿಕೆ: ಶೀರ್ಷಿಕೆಯಲ್ಲಿ ‘ಓಡಿಹೋದ ಸಿಪಾಯಿಗಳು’ ಎಂದು ಬರಲಿ, ಓದುಗರು ಆ ಪದದಿಂದಲೇ ಹುಡುಕುತ್ತಾರೆ.

ನನಗೆ ಖುಷಿಯಾಯಿತು. “ಮಾವಶಿ, ನಿಮ್ಮನ್ನ ವಿರೋಧಿಸಿದವ್ರೇ ಕೇಳ್ತಿದ್ದಾರೆ. ಟೈಟಲ್ ತಾನೆ, ಹೋಗ್ಲಿ ಬಿಡಿ” ಎಂದೆ.

ಅವರು ಕಣ್ಣು ತೆರೆದರು. “ಬರಕೋ” ಎಂದರು.

ಇಂಗ್ಲಿಷಿನಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಪತ್ರಕ್ಕೆ ವಂದನೆ. ಮರೆಯಲಾಗಲಿಲ್ಲ ಎಂಬ ಮಾತಿಗೆ ಇನ್ನೂ ಹೆಚ್ಚಿನ ವಂದನೆ. ಅಧ್ಯಾಯವನ್ನು ಸಂತೋಷದಿಂದ ಕೊಡುತ್ತೇನೆ. ಶೀರ್ಷಿಕೆ ಬದಲಾಗುವುದಿಲ್ಲ. ಇಷ್ಟು ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು.

“ಓದು” ಎಂದರು.

ಓದಿದೆ. ಕೊನೆಯ ಸಾಲಿಗೆ ಬಂದಾಗ ಕೈ ಎತ್ತಿದರು.

“ಅದೇನದು? ಅನ್‌ಫಾರ್ಚುನೇಟ್ಲಿ ಅಂತ ನಾ ಎಲ್ಲೆ ಹೇಳಿದೆ?”

“ನಾನೇ ಹಾಕ್ದೆ ಮಾವಶಿ. ಸ್ವಲ್ಪ ಪೊಲೈಟ್ ಆಗಿರ್ಲಿ ಅಂತ. ಆಫೀಸಲ್ಲಿ ಹಾಗೇ ಬರೀತೀವಿ.”

“ಇದರಾಗ ದುರ್ದೈವ ಯಾರದು? ನನ್ನದಂತೂ ಅಲ್ಲ.” ಉಸಿರಿಗಾಗಿ ನಿಂತರು. “ಆ ಹಡಗು ಹತ್ತದವರದೂ ಅಲ್ಲ. ತಗಿ ಅದನ್ನ.”

ತೆಗೆದೆ. ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಹಾಂ. ಈಗ ನನ್ನ ಮಾತಾತು. ಕಳಸು.”

ಕಳಿಸಿದೆ.